ಅಟ್ಟದ ನೆಪ

‘ಮನೆಯಲ್ಲಿ ಕೂತರೆ ಹೊಸದೇನೂ ಹೊಳೆಯುವುದಿಲ್ಲ, ಕಚೇರಿಗೆ ಬನ್ನಿ’ ಎನ್ನುವ ಮ್ಯಾನೇಜರುಗಳ ಮಾತಿಗೆ ಧಾರವಾಡದವರು ಬೇಗ ತಲೆದೂಗುತ್ತಾರೆ. ನಮಗೆ ಅಟ್ಟದ ಅಭಿಮಾನ. 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನದ ಅಟ್ಟದಲ್ಲಿ ಅದರ ಸ್ಥಾಪಕ ಜಿ.ಬಿ. ಜೋಶಿಯವರ ಸುತ್ತ ಕೂತು ಹರಟಿದ್ದರಿಂದಲೇ ಸಾಹಿತ್ಯ ಬೆಳೆಯಿತೆಂದು ಊರು ನಂಬಿದೆ.

ಅದು ಅರ್ಧ ನಿಜ. ಗ್ರಂಥಮಾಲೆ 1961ರಲ್ಲಿ ‘ಯಯಾತಿ’ ಪ್ರಕಟಿಸಿದಾಗ ಗಿರೀಶ ಕಾರ್ನಾಡರು ಆಕ್ಸ್‌ಫರ್ಡಿನಲ್ಲಿದ್ದರು. 1969ರಲ್ಲಿ ‘ಹೊಕ್ಕುಳಲ್ಲಿ ಹೂವಿಲ್ಲ’ ಬಂದಾಗ ಎ.ಕೆ. ರಾಮಾನುಜನ್ ಷಿಕಾಗೊ ವಿಶ್ವವಿದ್ಯಾಲಯದ ಮೇಷ್ಟ್ರು. ಮಾಲೆಯ ಸಾಹಿತ್ಯ ಸಲಹೆಗಾರರಾಗಿದ್ದ ಕೀರ್ತಿನಾಥ ಕುರ್ತಕೋಟಿಯವರಿಗೆ ಬಹುಕಾಲ ನೌಕರಿ ಗುಜರಾತಿನ ವಲ್ಲಭ ವಿದ್ಯಾನಗರದಲ್ಲಿ. ಈಗಿನವರು ಇದನ್ನು ರಿಮೋಟ್ ಟೀಮ್ ಎನ್ನುತ್ತಿದ್ದರು. ಆಗ ಸಾಧನ ಅಂಚೆ.

ಅಂಚೆ ನಿಧಾನ. ಕಾಗದಕ್ಕೆ ಕೂತವರು ಪೂರ್ತಿ ಯೋಚಿಸಿಯೇ ಬರೆಯಬೇಕು. ಓದಿದವರಿಗೂ ಮರುಯೋಚನೆಗೆ ಪುರುಸೊತ್ತು. ಈಗ ಹುಬ್ಬಳ್ಳಿ ವಿದ್ಯಾನಗರದ ಮಹಡಿಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವ ಹುಡುಗಿಯನ್ನು ನೋಡಿ. ಲ್ಯಾಪ್‌ಟಾಪಿನಲ್ಲಿ ಮೀಟಿಂಗು, ಅದರ ಮೂಲೆಯಲ್ಲಿ ಸ್ಲ್ಯಾಕ್, ಕೈಯಲ್ಲಿ ವಾಟ್ಸಾಪ್. ‘ಯಾರಿಗಾದರೂ ಐಡಿಯಾ ಇದೆಯಾ?’ ಎಂದು ಮ್ಯಾನೇಜರು ಕೇಳಿದಾಗ ಆಕೆ ಮೈಕು ಆನ್ ಮಾಡುವಷ್ಟರಲ್ಲಿ ಇನ್ಯಾರೋ ಮಾತು ಕಸಿದಿರುತ್ತಾರೆ. ಗ್ರೂಪಿನಲ್ಲಿ ಒಂದು ಹೆಬ್ಬೆರಳು ಒತ್ತಿ, ‘ಛಲೋ ಐತ್ರಿ ಸರ್’ ಎಂದು ಸುಮ್ಮನಾಗುತ್ತಾಳೆ. ಇದರಲ್ಲಿ ನಡುವಿನ ನಾನೂರು ಕಿಲೊಮೀಟರಿನ ತಪ್ಪೇನಿದೆ? ಕೇಳಿದ ಕ್ಷಣಕ್ಕೇ ಉತ್ತರ ಬೇಕೆನ್ನುವ ಚಟ ಆಕೆಯ ಬಾಯಿ ಮುಚ್ಚಿಸಿತು.

ಕಚೇರಿಯ ಪರವಾಗಿ 2022ರ ‘ನೇಚರ್’ ಪತ್ರಿಕೆಯ ಅಧ್ಯಯನವನ್ನು ಮುಂದೊಡ್ಡುವವರಿದ್ದಾರೆ. ಮೆಲನಿ ಬ್ರಕ್ಸ್ ಮತ್ತು ಜೊನಾಥನ್ ಲೆವಾವ್ ಐದು ದೇಶಗಳ ಎಂಜಿನಿಯರುಗಳನ್ನು ಜೋಡಿ ಮಾಡಿ ಪರೀಕ್ಷಿಸಿದರು. ವಿಡಿಯೊದಲ್ಲಿ ಮಾತಾಡಿದ ಜೋಡಿಗಳಿಗೆ ಐಡಿಯಾಗಳು ಕಡಿಮೆ ಹೊಳೆದವು. ಕಣ್ಣು ಪರದೆಗೆ ಅಂಟಿಕೊಂಡರೆ ಮನಸ್ಸೂ ಅಲೆಯುವುದಿಲ್ಲ ಎಂಬುದು ಅವರ ವಿವರಣೆ. ಒಪ್ಪೋಣ. ಆದರೆ ಹೊಳೆದದ್ದರಲ್ಲಿ ಒಳ್ಳೆಯದನ್ನು ಆರಿಸುವಾಗ ಅದೇ ಜೋಡಿಗಳು ಹಿಂದೆ ಬೀಳಲಿಲ್ಲ. ಎಚ್‌ಆರ್‌ನವರು ಅಷ್ಟು ದೂರ ಓದುವುದಿಲ್ಲ. ಮೇಲಾಗಿ ಅಲ್ಲಿ ಹೋಲಿಸಿದ್ದು ಎದುರುಬದುರಿನ ಮಾತನ್ನು ಮತ್ತು ವಿಡಿಯೊವನ್ನು. ಬರೆದು ಕಳಿಸಿ ಕಾಯುವ ಕ್ರಮ ಪರೀಕ್ಷೆಗೇ ಬಂದಿಲ್ಲ.

ಹರಟೆ ಬೇಕಿದ್ದರೆ ತಿಂಗಳಿಗೊಮ್ಮೆ ಕರೆಯಿರಿ, ರೈಲಿನ ಖರ್ಚು ಕೊಡಿ. ಉಳಿದ ದಿನ, ಬರೆದದ್ದನ್ನು ಓದಿ ನಾಳೆ ಉತ್ತರಿಸಿದರೂ ನಡೆಯುತ್ತದೆ ಎನ್ನಿ. ಹಾಗೆಂದ ಮ್ಯಾನೇಜರಿಗೆ ಮಾತ್ರ ಯಾರ ಹೆಸರಿನ ಮುಂದೆ ಹಸಿರು ಚುಕ್ಕೆ ಇದೆಯೆಂದು ಎಣಿಸುವ ಕೆಲಸ ತಪ್ಪಿಹೋಗುತ್ತದೆ. ಅಟ್ಟದ ನೆಪ ಹೇಳುವವರ ನಿಜವಾದ ಅಂಜಿಕೆ ಇದೇ ಎಂದು ನನ್ನ ಗುಮಾನಿ.