ತಪ್ಪನ್ನು ಕತ್ತರಿಸಿದ ಪಾಠ

ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಬೆಳಗಿನ ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ನನ್ನ ಅಕ್ಕನ ಮಗ ಫಿಗ್ಮಾ ಕಲಿಯುತ್ತಿದ್ದಾನೆ. ಆ್ಯಪುಗಳ, ವೆಬ್‌ಸೈಟುಗಳ ಪರದೆ ಹೇಗಿರಬೇಕೆಂದು ರೂಪಿಸುವ ತಂತ್ರಾಂಶ ಅದು. ಅವನ ಕ್ಲಾಸು ನಡೆಯುವುದು ಬಸ್ಸಿನಲ್ಲೇ: ಕಿವಿಯಲ್ಲಿ ಇಯರ್‌ಫೋನು, ಕೈಯಲ್ಲಿ ಮೊಬೈಲು, ತೊಡೆಯ ಮೇಲೆ ನೋಟ್‌ಬುಕ್ಕು. ಪಾಠವನ್ನು ಮೊಬೈಲಿನಲ್ಲಿ ನೋಡಬಹುದು, ಕೆಲಸಕ್ಕೆ ಕಂಪ್ಯೂಟರೇ ಬೇಕು. ಹಾಗಾಗಿ ಬೆಳಿಗ್ಗೆ ಕಂಡದ್ದನ್ನು ಬರೆದುಕೊಂಡು ಸಂಜೆ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಮಾಡಿ ನೋಡುತ್ತಾನೆ. ‘ಎಫ್ ಒತ್ತಿದರೆ ಫ್ರೇಮು, ಶಿಫ್ಟ್ ಎ ಒತ್ತಿದರೆ ಆಟೋ ಲೇಔಟ್’ ಎಂದು ಕನ್ನಡದಲ್ಲೇ ಬರೆದಿದ್ದ ಆ ನೋಟ್‌ಬುಕ್ಕು ಕಣ್ಣಿಗೆ ಬಿದ್ದ ಮೇಲೆ ನಾನೂ ಒಂದು ತಿಂಗಳು ಆ ವಿಡಿಯೋಗಳನ್ನು ನೋಡಿದೆ. ವಿನ್ಯಾಸ ಕಲಿಯುವುದಕ್ಕಲ್ಲ. ನಮ್ಮ ಹುಡುಗ ಹುಡುಗಿಯರು ದಿನವೂ ಗಂಟೆಗಟ್ಟಲೆ ಕೇಳುವ ಒಂದು ಗದ್ಯ ಇದು. ಅದನ್ನು ಸಾಹಿತ್ಯದವರು ಕಿವಿಗೇ ಹಾಕಿಕೊಳ್ಳದಿರುವುದು ಸರಿಯಲ್ಲ ಅನ್ನಿಸಿತು.

ಮೊದಲು ಭಾಷೆಯ ಮಾತು. ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟದ ಕಡೆಯ ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕೈವಾರದ ತಾತಯ್ಯನವರು ಎರಡರಲ್ಲೂ ಪದ ಕಟ್ಟಿದ ಸೀಮೆ ಇದು. ಆದ್ದರಿಂದ ನಮ್ಮ ಹುಡುಗ ಬಟನ್ ಮಾಡುವುದನ್ನು ತೆಲುಗಿನವರಿಂದ ಕಲಿತ, ಬಣ್ಣದ ಪಾಠವನ್ನು ಹಿಂದಿಯವರಿಂದ, ಉಳಿದದ್ದನ್ನು ಇಂಗ್ಲಿಷಿನಿಂದ. ಕನ್ನಡದ ವಿಡಿಯೋಗಳಲ್ಲಿ ನನಗೆ ಹಿಡಿಸಿದ್ದು ಒಂದು ಕ್ರಿಯಾಪದ. ‘ಸೆಲೆಕ್ಟ್ ಮಾಡ್ಕೊಳ್ಳಿ, ಕಾಪಿ ಮಾಡ್ಕೊಳ್ಳಿ, ಪಕ್ಕದಲ್ಲಿ ಇಟ್ಕೊಳ್ಳಿ.’ ನಾಮಪದಗಳೆಲ್ಲ ಇಂಗ್ಲಿಷಾದರೂ ವಾಕ್ಯದ ಕೊನೆಯಲ್ಲಿ ಆ ‘ಕೊಳ್ಳು’ ಕೂತಿರುತ್ತದೆ. ಮಾಡಿ ಅನ್ನುವುದು ಅಪ್ಪಣೆ. ಮಾಡಿಕೊಳ್ಳಿ ಅಂದಾಗ ಕೆಲಸದ ಫಲ ಕೇಳುವವನಿಗೇ ಸೇರುತ್ತದೆ. ಅಡುಗೆ ಹೇಳಿಕೊಡುವ ಅತ್ತೆಯ ದನಿ ಅದು.

ಇದರ ಪಕ್ಕಕ್ಕೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳನ್ನು ಇಟ್ಟು ನೋಡಬೇಕು. ಇಂಕ್‌ಸ್ಕೇಪ್, ಜಿಂಪ್‌ನಂಥ ಮುಕ್ತ ತಂತ್ರಾಂಶಗಳ ಪಾಠಗಳು ಅಲ್ಲಿ ಕನ್ನಡದ ದನಿಯಲ್ಲೂ ಸಿಗುತ್ತವೆ. ಸುಮಾರು 10 ನಿಮಿಷದ ಒಂದೊಂದು ಪಾಠ; ಪರದೆಯ ಒಂದು ಬದಿಗೆ ವಿಡಿಯೋ, ಇನ್ನೊಂದು ಬದಿಗೆ ತಂತ್ರಾಂಶ ಇಟ್ಟುಕೊಂಡು ಒಂದು ಹೆಜ್ಜೆ ಕೇಳಿ ಒಂದು ಹೆಜ್ಜೆ ಮಾಡಬೇಕೆಂಬುದು ಅದರ ಕ್ರಮ. ಕನ್ನಡ ಶುದ್ಧವಾಗಿದೆ, ಸ್ವಲ್ಪ ಇಸ್ತ್ರಿ ಹಾಕಿದ ಹಾಗಿದೆ. ಪರದೆ ಮಾತ್ರ ಇಂಗ್ಲಿಷಿನದೇ. ಆದರೂ ಕಲಿಯುವವನಿಗೆ ಕೈ ಇದೆ ಎಂಬುದನ್ನು ಮರೆಯದ ಪಾಠಗಳು ಅವು. ಬಸ್ಸಿನಲ್ಲಿ ನೋಡುವ ಯೂಟ್ಯೂಬ್ ಪಾಠಕ್ಕೆ ಆ ನೆನಪಿಲ್ಲ.

ನನ್ನ ದೊಡ್ಡ ತಕರಾರು ಎಡಿಟಿಂಗಿನ ಬಗ್ಗೆ. 20 ನಿಮಿಷದ ವಿಡಿಯೋದಲ್ಲಿ ಒಂದು ಕಾಫಿ ಅಂಗಡಿಯ ಆ್ಯಪ್ ಎದ್ದು ನಿಲ್ಲುತ್ತದೆ. ಎಲ್ಲೂ ಕೈ ತಡವರಿಸುವುದಿಲ್ಲ, ಯಾವ ಚೌಕವೂ ತಪ್ಪು ಜಾಗದಲ್ಲಿ ಕೂರುವುದಿಲ್ಲ. ತಪ್ಪಿದ್ದನ್ನೆಲ್ಲ ಕತ್ತರಿಸಿ ಎಸೆಯಲಾಗಿದೆ. ನೋಡಿದವನು ಸಂಜೆ ಲ್ಯಾಪ್‌ಟಾಪಿನ ಮುಂದೆ ಕೂತು ತನ್ನ ಚೌಕ ಓರೆಯಾದಾಗ ದಡ್ಡತನ ತನ್ನದೇ ಎಂದುಕೊಳ್ಳುತ್ತಾನೆ. ಇಂಥ ಹುಡುಗರನ್ನು ಏಕಲವ್ಯರೆಂದು ಹೊಗಳುವುದೊಂದು ರೂಢಿ. ಏಕಲವ್ಯ ತನ್ನ ಗುರುವಿನ ಮೂರ್ತಿಯನ್ನು ತಾನೇ ಮಾಡಿಕೊಂಡಿದ್ದ. ಅದು ನಡುನಡುವೆ ಸಬ್‌ಸ್ಕ್ರೈಬ್ ಆಗಿ ಅನ್ನುತ್ತಿರಲಿಲ್ಲ.

ಪಾಠ ಹಳತಾಗುವ ಕಷ್ಟ ಬೇರೆ. ಫಿಗ್ಮಾ ಎಲ್ಲರಿಗೂ ಸಿಕ್ಕಿದ್ದು 2016ರಲ್ಲಿ, ಆಟೋ ಲೇಔಟ್ ಬಂದದ್ದು 2019ರಲ್ಲಿ. 2024ರಲ್ಲಿ ಅದರ ಪರದೆಯೇ ಬದಲಾಗಿ, ಮೇಲಿದ್ದ ಉಪಕರಣಗಳ ಪಟ್ಟಿ ಕೆಳಗೆ ಇಳಿಯಿತು. ‘ಮೇಲ್ಗಡೆ ನೋಡಿ’ ಎಂದು ಹಳೆಯ ವಿಡಿಯೋ ಹೇಳುತ್ತಲೇ ಇರುತ್ತದೆ. ಮೇಲೆ ಏನೂ ಇರುವುದಿಲ್ಲ. ಅಡೋಬಿಯ ಎಕ್ಸ್‌ಡಿ ಕಲಿತವರ ಪಾಡು ಇನ್ನೂ ಕಷ್ಟ. 2023ರಲ್ಲಿ ಆ ಕಂಪನಿ ಅದನ್ನು ಬಿಡಿಯಾಗಿ ಮಾರುವುದನ್ನೇ ನಿಲ್ಲಿಸಿತು. ಪಾಠಗಳು ಮಾತ್ರ ಹಾಗೇ ಇವೆ, ಊರು ಮುಳುಗಿದ ಮೇಲೆ ಉಳಿದ ಕೈಮರದಂತೆ.

ಲೈವ್‌ಸ್ಟ್ರೀಮಿನ ರುಚಿ ಬೇರೆ. ಅಲ್ಲಿ ಕತ್ತರಿ ಇಲ್ಲ. ಒಬ್ಬ ವಿನ್ಯಾಸಕ ಎರಡು ಪೆಟ್ಟಿಗೆಗಳ ನಡುವೆ 16 ಪಿಕ್ಸೆಲ್ ಬಿಡಬೇಕೋ 24 ಬಿಡಬೇಕೋ ಎಂದು ನಾಲ್ಕು ನಿಮಿಷ ಒದ್ದಾಡಿದ್ದನ್ನು ನೋಡಿದೆ. ನಡುವೆ ನೀರು ಕುಡಿದರು, ಹಿಂದೆ ಹೋದರು, ಮತ್ತೆ ಮೊದಲಿನಂತೆಯೇ ಇಟ್ಟರು. ಬೇಸರದ ಕೆಲಸ, ನಿಜ; ಎರಡು ಗಂಟೆ ಕೂತರೆ ಕಲಿಯಲು ಸಿಗುವುದು ಹದಿನೈದು ನಿಮಿಷದ ಸರಕು, ಮೊಬೈಲಿನ ಡೇಟಾ ಕರಗುವುದು ಬೇರೆ. ಆದರೆ ಕಣ್ಣು ಹೇಗೆ ಆರಿಸುತ್ತದೆಂಬುದು ಕಾಣುವುದು ಆ ಒದ್ದಾಟದಲ್ಲಿಯೇ.

ಇನ್ನು ಪರದೆಯೊಳಗಿನ ವಸ್ತು. ಕಾಫಿ, ಪಿಜ್ಜಾ, ಶೂ. ರೇಷ್ಮೆಗೂಡಿನ ಮಾರುಕಟ್ಟೆಯ ಊರಿನಲ್ಲಿ ಕೂತವನೂ ಲಾಟೆ ಮಾರುವ ಆ್ಯಪನ್ನೇ ಬರೆಯುತ್ತಾನೆ. ರಾಜ್ಯದ ಗೂಡಿನ ಮಾರುಕಟ್ಟೆಗಳಿಗೆ ಇ-ಹರಾಜು ಬಂದಾಯಿತು. ಲಾಟು, ತೂಕ, ದರಗಳನ್ನು ರೈತನೂ ರೀಲರೂ ಒಂದೇ ನೋಟಕ್ಕೆ ಓದುವ ಪರದೆ ಹೇಗಿರಬೇಕು ಎಂಬುದು ಕಾಫಿಯ ಆ್ಯಪಿಗಿಂತ ಗಟ್ಟಿ ಪ್ರಶ್ನೆ. ನಾನು ನೋಡಿದ ಕನ್ನಡ ಪಾಠಗಳಲ್ಲಿ ಮಾತು ಕನ್ನಡದ್ದು, ಫ್ರೇಮಿನೊಳಗೆ ಒಂದು ಕನ್ನಡ ಪದವೂ ಇರಲಿಲ್ಲ.

ಇದನ್ನೇ ಹೇಳಿದ್ದಕ್ಕೆ ಹುಡುಗ ಹಟ ಹಿಡಿದು ಗೂಡಿನ ಹರಾಜಿನ ಪರದೆ ಮಾಡಲು ಕೂತ. ಅರ್ಧ ಗಂಟೆಯಲ್ಲಿ ಕರೆದ.

“ಮಾವ, ಇಲ್ಲಿ ನೋಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗ್ತಿದೆ.”

‘ಮಾರುಕಟ್ಟೆ’ ಮೇಲೆ, ‘ದ್ವಿತಳಿ’ ಕೆಳಗೆ. ಪಾಠದಲ್ಲಿ ಹೇಳಿದ ಸಾಲಿನ ಅಂತರ ಇಂಗ್ಲಿಷಿನ ಅಳತೆಯದು. ಕೆಳಗೆ ಇಳಿಯುವ ಒತ್ತಕ್ಷರಕ್ಕೆ ಅದರಲ್ಲಿ ಜಾಗವಿಲ್ಲ. ಆ ವಾರ ಒಂದು ಇಂಗ್ಲಿಷ್ ಲೈವಿನಲ್ಲಿ ಅವನು ಇದನ್ನೇ ಕೇಳಿದ. ಆ ವಿನ್ಯಾಸಕನಿಗೆ ಕನ್ನಡ ಗೊತ್ತಿಲ್ಲ. ಆದರೂ ಎರಡು ಪದಗಳನ್ನೂ ತನ್ನ ಫ್ರೇಮಿಗೆ ಅಂಟಿಸಿ, ಸಾಲಿನ ಅಂತರವನ್ನು 120ರಿಂದ 140ಕ್ಕೆ ಏರಿಸಿ, ತಲೆ ಅಲ್ಲಾಡಿಸಿ, 160 ಮಾಡಿ, ಸುಮ್ಮನೆ ನೋಡುತ್ತ ಕೂತ. ಅಷ್ಟರಲ್ಲಿ ಬೇರೊಬ್ಬರ ಪ್ರಶ್ನೆ ಬಂತು. ಹುಡುಗ ನೋಟ್‌ಬುಕ್ಕಿನಲ್ಲಿ ‘ಕನ್ನಡಕ್ಕೆ 160’ ಎಂದು ಬರೆದುಕೊಂಡ. ಮರುದಿನ ನೋಟೋ ಸಾನ್ಸ್ ತೆಗೆದು ಬಲೂ ತಮ್ಮ ಅಕ್ಷರ ಹಾಕಿ ನೋಡಿ, ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟ.