ಲಿಫ್ಟಿನವನು ಕಂಡ ಬಿಸಿಲು

ಕಾದಂಬರಿಗಾಗಿ ಒಂದು ಹೊಸ ಸಮಾಜವನ್ನೇ ಕಟ್ಟುವವರು ಸಾಮಾನ್ಯವಾಗಿ ಮೊದಲು ಮೇಲುಕೀಳಿನ ಮೆಟ್ಟಿಲು ಹಾಕುತ್ತಾರೆ. ಆಲ್ಡಸ್ ಹಕ್ಸ್‌ಲಿ 1932ರ ‘ಬ್ರೇವ್ ನ್ಯೂ ವರ್ಲ್ಡ್’ನಲ್ಲಿ ಹಾಕಿದ್ದು ಐದು. ಮೇಲೆ ಆಲ್ಫಾ, ತಳದಲ್ಲಿ ಎಪ್ಸಿಲಾನ್. ಇವಕ್ಕೆ ಅವನು ಇಟ್ಟ ಹೆಸರು ‘ಕ್ಯಾಸ್ಟ್’, ಅಂದರೆ ಜಾತಿ, ಎಂದೇ. ಕಾದಂಬರಿಗೆ ಕೆಲವೇ ವರ್ಷ ಮೊದಲು ಭಾರತ ಸುತ್ತಿ ಪ್ರವಾಸಕಥನವನ್ನೂ ಬರೆದಿದ್ದ. ಗಾಮಾಗಳಿಗೆ ಹಸಿರು ಬಟ್ಟೆ, ಡೆಲ್ಟಾಗಳಿಗೆ ಖಾಕಿ, ಎಪ್ಸಿಲಾನ್‌ಗಳಿಗೆ ಕಪ್ಪು. ಒಂದೇ ಅಂಡದಿಂದ 96 ತದ್ರೂಪಿಗಳವರೆಗೆ ಹುಟ್ಟಿಸಬಹುದು.

ಬಣ್ಣ, ಅಂಕಿಗಳನ್ನು ಯಾರಾದರೂ ಕಲ್ಪಿಸಿಯಾರು. ಹಕ್ಸ್‌ಲಿಯ ಪ್ರತಿಭೆ ಕಾಣುವುದು ಡೆಲ್ಟಾ ಕೂಸುಗಳ ಕೋಣೆಯಲ್ಲಿ. ಪುಸ್ತಕದತ್ತ, ಗುಲಾಬಿಯತ್ತ ತೆವಳಿದ ಕೂಸುಗಳಿಗೆ ಕರೆಂಟು ಹೊಡೆಸುತ್ತಾರೆ. ಪುಸ್ತಕದ ಭಯ ಅರ್ಥವಾಗುತ್ತದೆ, ಆದರೆ ಹೂವೇಕೆ? ಹೂವು ನೋಡಲು ದುಡ್ಡು ಬೇಡ, ಅದರಿಂದ ಯಾವ ಕಾರ್ಖಾನೆಯೂ ನಡೆಯುವುದಿಲ್ಲ. ಆ ಸಮಾಜದ ಅರ್ಥವ್ಯವಸ್ಥೆಯೆಲ್ಲ ಈ ಒಂದು ಕ್ರೌರ್ಯದಲ್ಲಿದೆ.

ಆದರೂ ನನ್ನ ತಕರಾರು ದೊಡ್ಡದು. ಲಿಫ್ಟು ನಡೆಸುವ ಒಬ್ಬ ಎಪ್ಸಿಲಾನ್ ಬರುತ್ತಾನೆ. ಲಿಫ್ಟು ತಾರಸಿ ಮುಟ್ಟಿ ಬಾಗಿಲು ತೆರೆದಾಗ ಬಿಸಿಲು ಕಂಡು ಬೆರಗಾಗಿ ‘ತಾರಸಿ, ತಾರಸಿ’ ಎನ್ನುತ್ತಾನೆ. ಮರುಕ್ಷಣ ಕೆಳಗಿಳಿಯುವ ಆಜ್ಞೆ. ಕೆಳಗಿನ ಕತ್ತಲಲ್ಲಿ ಅವನ ಮನಸ್ಸಿಗೆ ಏನಾಯಿತು? ಹಕ್ಸ್‌ಲಿ ಆಲ್ಫಾಗಳ ಜೊತೆ ತಾರಸಿಯಲ್ಲೇ ಉಳಿಯುತ್ತಾನೆ. ಅವರ ಅತೃಪ್ತಿಗೆ ಅಧ್ಯಾಯಗಳೇ ಇವೆ. ಇವನಿಗೆ ಸಿಕ್ಕಿದ್ದು ಕೆಲವೇ ಸಾಲು.

ಲೇಖಕಿ ಉರ್ಸುಲಾ ಲೆ ಗ್ವಿನ್ ಇಳಿಯುವುದು ಆ ಕೆಳಗಿನ ಕತ್ತಲಿಗೇ. 1995ರ ‘ಫೋರ್ ವೇಸ್ ಟು ಫರ್ಗಿವ್‌ನೆಸ್’ ಸಂಕಲನದ ವೆರೆಲ್ ಗ್ರಹದಲ್ಲಿ ಒಡೆಯರದು ಕಪ್ಪು ಮೈ, ಗುಲಾಮರದು ತಿಳಿಬಣ್ಣ. ಗುಲಾಮರನ್ನು ಕರೆಯುವುದು ‘ಆಸ್ತಿ’ ಎಂದು. ಲೆಕ್ಕದ ಪುಸ್ತಕದಿಂದ ಎತ್ತಿದ ಈ ಒಂದು ಪದ ಐದು ಬಣ್ಣದ ಬಟ್ಟೆಗಿಂತ ಹೆಚ್ಚು ಹೇಳುತ್ತದೆ. ಕಲಾವಿದರ ಒಂದು ಪಂಗಡವೂ ಇದೆ, ಮಕಿಲರು. ಒಡೆಯರು ಅವರ ಆಟಕ್ಕೆ ಮರುಳಾಗುತ್ತಾರೆ, ಆದರೆ ಅವರೂ ಕೊಂಡು ತಂದ ಆಸ್ತಿಯೇ.

ಒಂದು ಕಥೆಯನ್ನು ಹೇಳುವವಳು ಗುಲಾಮಳಾಗಿ ಹುಟ್ಟಿದ ರಾಕಾಮ್. ಉದಾರಿಯಾದ ಯುವ ಒಡೆಯ ಎಲ್ಲರಿಗೂ ಬಿಡುಗಡೆ ಪತ್ರ ಕೊಡುತ್ತಾನೆ. ಆದರೆ ಬಿಡುಗಡೆಯಾದವರು ಬದುಕುವುದೆಲ್ಲಿ, ಅವರನ್ನು ಕಾಯುವವರು ಯಾರು ಎಂದು ಅವನು ಯೋಚಿಸಿಲ್ಲ. ಅಕ್ಕಪಕ್ಕದ ಒಡೆಯರು ಬಂದು ಹಲವರನ್ನು ಕೊಲ್ಲುತ್ತಾರೆ, ಉಳಿದವರನ್ನು ಹಿಡಿದೊಯ್ಯುತ್ತಾರೆ. ಪತ್ರವಿದ್ದೂ ರಾಕಾಮ್ ಮತ್ತೊಂದು ಜಮೀನಿನಲ್ಲಿ ಗುಲಾಮಳಾಗುತ್ತಾಳೆ.