ಮಳೆಯ ಹೆಸರಿನ ವಾಯಿದೆ

ಹೈದರಾಬಾದಿನಲ್ಲಿ ಫ್ಲ್ಯಾಟ್ ಬುಕ್ ಮಾಡುವವರ ಅಗ್ರಿಮೆಂಟಿನಲ್ಲಿ ‘ಫೋರ್ಸ್ ಮೆಜರ್’ ಎಂಬ ಕಲಮು ಸಾಮಾನ್ಯ. ಬಿಲ್ಡರನ ಕೈಮೀರಿದ್ದು ನಡೆದರೆ ಮನೆ ತಡವಾದೀತು ಎಂಬ ಷರತ್ತು ಅದು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯಿದೆಯ 6ನೇ ಸೆಕ್ಷನ್ ಅದನ್ನು ಹೀಗೆ ವಿವರಿಸುತ್ತದೆ: ಯುದ್ಧ, ನೆರೆ, ಬರ, ಬೆಂಕಿ, ಚಂಡಮಾರುತ, ಭೂಕಂಪ, ಇಲ್ಲವೇ ಪ್ರಕೃತಿಯಿಂದಾದ ಇನ್ನಾವುದೇ ವಿಕೋಪ. ಪಟ್ಟಿ ಚಿಕ್ಕದಾಗಿರುವುದು ಒಳ್ಳೆಯದೇ. ಸಿಮೆಂಟ್ ದರ ಏರಿತು, ಬ್ಯಾಂಕ್ ಸಾಲ ಸಿಗಲಿಲ್ಲ ಎಂಬ ನೆಪಗಳಿಗೆ ಇಲ್ಲಿ ಜಾಗವಿಲ್ಲ. 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಕೊರೊನಾವನ್ನು ಇದೇ ಪಟ್ಟಿಯಡಿ ತಂದು ಆರು ತಿಂಗಳ ವಾಯಿದೆಗೆ ಸೂಚಿಸಿತು. ಕೆಲಸವೇ ನಿಂತಿದ್ದ ಕಾಲ, ಅದು ನ್ಯಾಯವೇ.

ನನ್ನ ತಕರಾರು ‘ನೆರೆ’ಯ ಬಗ್ಗೆ. ಫ್ರಾನ್ಸಿನ ನಾಗರಿಕ ಸಂಹಿತೆಯ 1218ನೇ ವಿಧಿ ಮೂರು ಪರೀಕ್ಷೆ ಇಡುತ್ತದೆ: ಘಟನೆ ಹೊಣೆ ಹೊತ್ತವನ ಹಿಡಿತದಲ್ಲಿರಬಾರದು, ಒಪ್ಪಂದದ ಹೊತ್ತಿಗೆ ಅದನ್ನು ಊಹಿಸುವಂತಿರಬಾರದು, ತಕ್ಕ ಎಚ್ಚರ ವಹಿಸಿದರೂ ಪರಿಣಾಮ ತಪ್ಪುವಂತಿರಬಾರದು. ನಮ್ಮ ಸೆಕ್ಷನ್ ಹೆಸರು ತಂದಿತು, ಪರೀಕ್ಷೆಗಳನ್ನು ಅಲ್ಲೇ ಬಿಟ್ಟುಬಂತು.

ಹೈದರಾಬಾದಿಗಂತೂ ಈ ಲೋಪ ದುಬಾರಿ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮರ ಸರ್ಕಾರ ಕರೆಸಿಕೊಂಡಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಆ ದುರಂತವನ್ನು ಅವರು ದೈವದ ಖಾತೆಗೆ ಬರೆದು ಸುಮ್ಮನಾಗಲಿಲ್ಲ. ಸುರಿದ ಮಳೆಯ ಜೊತೆಗೆ ಒಡೆದ ಇನ್ನೂರಕ್ಕೂ ಹೆಚ್ಚು ಕೆರೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು, ನಗರದ ಮೇಲ್ಭಾಗದಲ್ಲೇ ನೀರನ್ನು ತಡೆಯಬೇಕೆಂದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳು ಬಂದದ್ದು ಹಾಗೆ. ತಪ್ಪಿಸಲಾಗದ್ದು ಎಂದು ಊರೆಲ್ಲ ನಂಬಿದ್ದರಲ್ಲಿ ಬಹುಪಾಲು ತಪ್ಪಿಸಬಹುದಾದದ್ದೇ ಆಗಿತ್ತು.

2020ರ ಅಕ್ಟೋಬರಿನಲ್ಲಿ ಇದೇ ಊರಿನ ಪಲ್ಲೆ ಚೆರುವು ಕೆರೆ ಒಡೆದು ಕೆಳಗಿನ ಕಾಲೊನಿಗಳಿಗೆ ನುಗ್ಗಿತು. ಮಳೆ ಆಕಾಶದ್ದು, ಸರಿ. ಆದರೆ ಊರಿನ ಎಷ್ಟೋ ಕೆರೆಗಳ ಎಫ್‌ಟಿಎಲ್ (ಕೆರೆ ತುಂಬಿದಾಗ ನೀರು ನಿಲ್ಲುವ ಮಟ್ಟ) ಗೆರೆಯೊಳಗೆ ಸೈಟು ಮಾಡಿದವರು ಯಾರು? ಅಂಥ ಕಡೆ ಪಾಯ ತೋಡಿ, ನೀರು ನಿಂತಾಗ ‘ನೆರೆ’ ಎಂದು ವಾಯಿದೆ ಕೇಳಿದರೆ ಸೆಕ್ಷನ್ನಿನ ಮಾತುಗಳಲ್ಲಿ ಅದಕ್ಕೆ ಅಡ್ಡಿಯಿಲ್ಲ. ಕೆರೆಯನ್ನು ನುಂಗಿದವನಿಗೂ ಬಯಲಲ್ಲಿ ಕಟ್ಟಿದವನಿಗೂ ಒಂದೇ ರಿಯಾಯಿತಿ ಕೊಡುವ ಕಾನೂನು ಅರೆಬರೆ ಕಾನೂನೇ.

ಕೊಳ್ಳುವವರನ್ನು ಒಂದಿಷ್ಟು ಕಾಯುವುದು ರೇರಾದ 18ನೇ ಸೆಕ್ಷನ್. ಹೇಳಿದ ದಿನಕ್ಕೆ ಮನೆ ಸಿಗದಿದ್ದರೆ ಬಡ್ಡಿ ಸಮೇತ ಹಣ ವಾಪಸು ಕೇಳುವ ಹಕ್ಕಿಗೆ ಅನಿರೀಕ್ಷಿತ ಘಟನೆಗಳೂ ಅಡ್ಡಬಾರವು ಎಂದು ಸುಪ್ರೀಂ ಕೋರ್ಟ್ 2021ರ ನ್ಯೂಟೆಕ್ ತೀರ್ಪಿನಲ್ಲಿ ಹೇಳಿದೆ. ಹೈದರಾಬಾದಿನಲ್ಲಿ ಮನೆ ಕೊಳ್ಳಹೊರಟ ಕನ್ನಡಿಗರು ಸಹಿ ಹಾಕುವ ಮೊದಲು ಎಫ್‌ಟಿಎಲ್ ನಕ್ಷೆ ತೆಗೆಸಿ ನೋಡಲಿ, ಕಲಮಿನಲ್ಲಿ ‘ಮೊದಲೇ ಊಹಿಸಲಾಗದ’ ಎಂಬ ಮಾತು ಸೇರಿಸುವಂತೆ ಪಟ್ಟು ಹಿಡಿಯಲಿ.